ವಿಷ ಹೀರುವ ಕಲ್ಲು ನಿಜವೇ? 350 ವರ್ಷಗಳ ಹಿಂದೆಯೇ ಪರೀಕ್ಷಿಸಿದ್ದರು ಫ್ರಾನ್ಸೆಸ್ಕೊ ರೆಡಿ!

ಹಾವು ಕಚ್ಚಿದ ಜಾಗಕ್ಕೆ ಕಪ್ಪು ಕಲ್ಲೊಂದನ್ನು ಇಟ್ಟರೆ ಅದು ವಿಷವನ್ನೆಲ್ಲ ಹೀರಿಕೊಂಡು ತಾನಾಗಿಯೇ ಬಿದ್ದುಹೋಗುತ್ತದೆ ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ಹೊಸ ಮಾತಲ್ಲ. 17ನೇ ಶತಮಾನದಲ್ಲೇ ಇಟಲಿಯ ವೈದ್ಯರೊಬ್ಬರು ಇದನ್ನು ಪರೀಕ್ಷಿಸಿದ್ದರು. ಅವರ ಬದುಕನ್ನು ನಾವು ಇಲ್ಲಿ ನೋಡೋಣ.

ಯಾರು ಈ ರೆಡಿ?

ಫ್ರಾನ್ಸೆಸ್ಕೊ ರೆಡಿ 1626ರಲ್ಲಿ ಅರೆಜ್ಜೊ ಎಂಬ ಊರಿನಲ್ಲಿ ಹುಟ್ಟಿದರು. ಪೀಸಾದಲ್ಲಿ ವೈದ್ಯಕೀಯ ಓದಿ, ಫ್ಲಾರೆನ್ಸ್‌ನ ಮೆಡಿಚಿ ದೊರೆಗಳ ಆಸ್ಥಾನ ವೈದ್ಯರಾದರು. ಅರಮನೆಯ ಔಷಧಶಾಲೆಯ ಉಸ್ತುವಾರಿಯೂ ಅವರದೇ. ಆಗ ಔಷಧಿ ತಯಾರಿಸಲು ಮಂಡಲದ ಜಾತಿಯ ಹಾವುಗಳನ್ನು ಬಳಸುತ್ತಿದ್ದರು. ಹಾಗಾಗಿ ಹಾವಿನ ಕಥೆಗಳನ್ನು ಪರೀಕ್ಷಿಸಲು ಅವರಿಗೆ ಹಾವುಗಳೇ ಸಿಕ್ಕವು.

ಹಾವಿನ ವಿಷ ಪಿತ್ತಕೋಶದಲ್ಲಿದೆ ಎಂದು ಆಗ ಬಹಳ ಜನ ನಂಬಿದ್ದರು. ರೆಡಿ ಹಾವುಗಳನ್ನು ಕೊಯ್ದು ನೋಡಿದರು. ವಿಷ ಇರುವುದು ಹಲ್ಲಿನ ಬಳಿ ಬರುವ ಹಳದಿ ದ್ರವದಲ್ಲಿ, ಅದು ಗಾಯದ ಮೂಲಕ ದೇಹ ಸೇರಿದಾಗಲೇ ಕೊಲ್ಲುತ್ತದೆ ಎಂದು 1664ರ ಪುಸ್ತಕದಲ್ಲಿ ಬರೆದರು.

ಮಾಂಸದಲ್ಲಿ ಹುಳು ಎಲ್ಲಿಂದ ಬಂತು?

ಕೊಳೆತ ಮಾಂಸದಿಂದ ಹುಳುಗಳು ತಾವಾಗಿಯೇ ಹುಟ್ಟುತ್ತವೆ ಎಂಬುದು ಅಂದಿನ ಇನ್ನೊಂದು ನಂಬಿಕೆ. ರೆಡಿ ಕೆಲವು ಪಾತ್ರೆಗಳಲ್ಲಿ ಮಾಂಸ, ಮೀನು ಹಾಕಿ ಬಾಯಿ ಮುಚ್ಚಿದರು, ಕೆಲವನ್ನು ತೆರೆದಿಟ್ಟರು. ಹುಳು ಬಿದ್ದದ್ದು ತೆರೆದ ಪಾತ್ರೆಯಲ್ಲಿ ಮಾತ್ರ. ಗಾಳಿ ಇಲ್ಲದ್ದಕ್ಕೆ ಹೀಗಾಯಿತು ಎನ್ನುವವರಿಗಾಗಿ, ಗಾಳಿಯಾಡುವ ತೆಳು ಬಟ್ಟೆ ಕಟ್ಟಿ ಮತ್ತೆ ನೋಡಿದರು. ಆಗಲೂ ಮಾಂಸದಲ್ಲಿ ಹುಳುವಿಲ್ಲ. ಹುಳುಗಳು ನೊಣದ ಮೊಟ್ಟೆಯಿಂದ ಬರುತ್ತವೆ ಎಂದು 1668ರಲ್ಲಿ ಪ್ರಕಟಿಸಿದರು.

ಕಲ್ಲಿನ ಕಥೆ ಏನಾಯಿತು?

ನಾಗರಹಾವಿನ ತಲೆಯಲ್ಲಿ ಸಿಗುವುದೆಂದು ಹೇಳುತ್ತಿದ್ದ ಕಲ್ಲುಗಳನ್ನು ಪೂರ್ವದೇಶಗಳಿಂದ ಮರಳಿದ ಕ್ರೈಸ್ತ ಸಂನ್ಯಾಸಿಗಳು ಅರಮನೆಗೆ ತಂದಿದ್ದರು. ರೆಡಿ ವಿಷವೇರಿದ ಪ್ರಾಣಿಗಳ ಗಾಯದ ಮೇಲೆ ಆ ಕಲ್ಲು ಇಟ್ಟು ನೋಡಿದರು. ಕಲ್ಲು ಅವುಗಳನ್ನು ಉಳಿಸಲಿಲ್ಲ. ಇದನ್ನೂ 1671ರಲ್ಲಿ ಪ್ರಕಟಿಸಿದರು.

ಹಾಗಾದರೆ ಕಲ್ಲಿನಿಂದ ಬದುಕಿದವರು ಇದ್ದಾರಲ್ಲ ಎಂದು ನೀವು ಕೇಳಬಹುದು. ಕಚ್ಚಿದ ಹಾವು ವಿಷವಿಲ್ಲದ್ದಾಗಿರಬಹುದು, ಇಲ್ಲವೇ ವಿಷದ ಹಾವೇ ಕಚ್ಚಿದರೂ ವಿಷ ಬಿಡದೇ ಇರಬಹುದು. ಅಂಥವರು ಕಲ್ಲು ಇಡದಿದ್ದರೂ ಬದುಕುತ್ತಿದ್ದರು. ನಿಜವಾಗಿ ವಿಷ ಏರಿದವರಿಗೆ ಕಲ್ಲು ಹುಡುಕುವ ಸಮಯವೇ ಪ್ರಾಣಕ್ಕೆ ಕುತ್ತು.

ರೆಡಿಯೂ ತಪ್ಪಿದರು

ಗಿಡದ ಮೇಲೆ ಏಳುವ ಗಂಟುಗಳೊಳಗಿನ ಹುಳುಗಳನ್ನು ಗಿಡವೇ ಹುಟ್ಟಿಸುತ್ತದೆ ಎಂದು ರೆಡಿ ನಂಬಿದ್ದರು. ಅವೂ ಕೀಟದ ಮೊಟ್ಟೆಯಿಂದಲೇ ಬರುತ್ತವೆ ಎಂದು ಮಾಲ್ಪಿಘಿ ಮೊದಲಾದವರು ತೋರಿಸಿದರು. ಎಷ್ಟೇ ದೊಡ್ಡವರು ಹೇಳಿದರೂ ಮಾತು ಪರೀಕ್ಷೆಯಲ್ಲಿ ನಿಲ್ಲಬೇಕು ಎಂಬುದು ಅವರಿಗೂ ಅನ್ವಯಿಸಿತು. ರೆಡಿ 1697ರಲ್ಲಿ ಪೀಸಾದಲ್ಲಿ ತೀರಿಕೊಂಡರು.

ನೀವು ಏನು ಮಾಡಬೇಕು?

ಹಾವಿನ ವಿಷದ ಪ್ರಯೋಗವನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಯಾರಿಗಾದರೂ ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.

ಕಲ್ಲಿನ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ರೆಡಿಯ ಈ ಕಥೆಯನ್ನು ಕಳಿಸಿ.