ಶರಣಬಸಪ್ಪ ಅಪ್ಪನ ಹೊಲ, ಶರಣಬಸಪ್ಪ ಅಪ್ಪನ ದಾಸೋಹ

ಸಮಾಜಕ್ಕೆ ಏನಾದ್ರೂ ಮಾಡ್ಬೇಕು ಅಂದ್ರೆ ಎನ್‌ಜಿಒ ಕಟ್ಟೋದಾ, ಸ್ಟಾರ್ಟಪ್ ಕಟ್ಟೋದಾ? ನಮ್ಮ ಬ್ಯಾಚಿನಲ್ಲಿ ಈ ವಾದ ಮುಗಿಯೋದೇ ಇಲ್ಲ. ಈ ಎರಡೂ ಪದ ನಮ್ಮ ಕಡೆ ಬರೋಕೆ ಎಷ್ಟೋ ಮುಂಚೆ ಶರಣಬಸವೇಶ್ವರರು ಎರಡೂ ಥರ ನಡೆಸಿ ನೋಡಿದ್ರು.

1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿದ ಅವರು ಮೊದಲು ರೈತ, ಸಂಸಾರಸ್ಥ. ಹೆಂಡತಿ ಮಹಾದೇವಿ. ಹೊಲದಲ್ಲಿ ದುಡಿದು, ಬಂದ ಜೋಳದಲ್ಲೇ ಬಂದವರಿಗೆಲ್ಲ ಊಟ ಹಾಕುತ್ತಿದ್ದರು. ಕಾಳು ತಿನ್ನೋ ಹಕ್ಕಿಗಳನ್ನ ಓಡಿಸೋದು ಬಿಟ್ಟು ಅವಕ್ಕೆ ಕುಡಿಯೋ ನೀರೂ ಇಟ್ಟರಂತೆ, ಆದ್ರೂ ರಾಶಿ ಮಾಡಿದಾಗ ಅವರ ಕಣದಲ್ಲೇ ಜೋಳ ಹೆಚ್ಚಾಯ್ತಂತೆ. ಈ ಕಥೆ ನಮ್ಮ ಭಾಗದಲ್ಲಿ ಕೇಳದವರಿಲ್ಲ. ರಾಶಿ ಹೆಚ್ಚಾದ ಲೆಕ್ಕ ನಮ್ಮ ಕ್ಯಾಲ್ಕುಲೇಟರಿಗೆ ಸಿಗೋದಿಲ್ಲ, ಇರಲಿ ಬಿಡ್ರಿ. ಬೆಳೆದವರು ಅವರೇ ಆಗಿದ್ರಿಂದ ಯಾರಿಗೆ ಎಷ್ಟು ಕೊಡಬೇಕು ಅಂತ ಹೊರಗಿನವರನ್ನ ಕೇಳಬೇಕಾಗಿರಲಿಲ್ಲ. ಇದು ಸ್ವಂತ ಆದಾಯದ ಬಲ.

ಆದ್ರೆ ಒಂದು ಹೊಲ ಎಷ್ಟು ಜನಕ್ಕೆ ಸಾಕಾಗುತ್ತೆ? ನಮ್ಮದು ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಕಣ ಖಾಲಿ, ಹಸಿದವರು ಮಾತ್ರ ಎರಡು ಪಟ್ಟು.

ಆಮೇಲೆ ಮನೆ, ಹೊಲ ಬಿಟ್ಟು ಕಲಬುರಗಿಗೆ ಬಂದ್ರು. ದೊಡ್ಡಪ್ಪಗೌಡರು ಆಸರೆ ಕೊಟ್ಟರು. ಇಲ್ಲಿ ದಾಸೋಹ ನಡೆದಿದ್ದು ಭಕ್ತರು ತಂದು ಸುರಿದ ಕಾಳಿನಿಂದ. ಕೊಡೋರು ಹಲವರಾದ್ರು, ಒಂದು ಊರಿನ ಬೆಳೆ ಹೋದ್ರೂ ಇನ್ನೊಂದು ಊರಿಂದ ಚೀಲ ಬರೋ ಹಾಗಾಯ್ತು. ಬದಲಿಗೆ ಕೊಡೋರ ನಂಬಿಕೆಯನ್ನ ದಿನಾ ಉಳಿಸಿಕೊಳ್ಳಬೇಕಾಯ್ತು. 1822ರಲ್ಲಿ ಅವರು ಲಿಂಗೈಕ್ಯರಾದ್ರು, ಆದಿ ದೊಡ್ಡಪ್ಪ ಅಪ್ಪ ಪೀಠಕ್ಕೆ ಬಂದ್ರು. ಕಟ್ಟಿದವರು ಹೋಗಿ 200 ವರ್ಷ ದಾಟಿದೆ, ಗುಡಿಯಲ್ಲಿ ದಾಸೋಹ ನಿಂತಿಲ್ಲ. ಎಷ್ಟು ಸ್ಟಾರ್ಟಪ್ಪಿಗೆ ಇಷ್ಟು ಆಯುಷ್ಯ ಇರುತ್ತೆ ಹೇಳಿ! ಅದೇ ಸಂಸ್ಥಾನದ ವಿದ್ಯಾವರ್ಧಕ ಸಂಘ ಇವತ್ತು ಶಾಲೆ, ಕಾಲೇಜು, ಯೂನಿವರ್ಸಿಟಿ ನಡೆಸ್ತಿದೆ. ಅಲ್ಲಿ ಫೀಸೂ ಇದೆ.

ಈಗ ಕಮಲಾಪುರದ ಕೆಂಪು ಬಾಳೆ ನೋಡ್ರಿ. ಜಿಐ ಟ್ಯಾಗ್ ಸಿಕ್ಕಿದೆ, ಆದ್ರೆ ಬೇರೆ ಬಾಳೆಗಿಂತ ಗೊನೆ ಬರೋದು ತಡ. ಅಲ್ಲೀತನಕ ರೈತರ ಕೈಯಲ್ಲಿ ದುಡ್ಡಿಲ್ಲ. ಟ್ರಸ್ಟ್ ಮಾಡಿದ್ರೆ ದಾನ ಬರಬಹುದು, ಆದ್ರೆ ದಿನಾ ಹಣ್ಣು ಕೊಂಡು ಮಾರೋ ವ್ಯವಹಾರ ದಾನದ ಮೇಲೆ ನಿಲ್ಲೋದು ಕಷ್ಟ. ಬರೀ ಕಂಪನಿ ಮಾಡಿದ್ರೆ ರೇಟ್ ಬಿದ್ದ ವರ್ಷ ಅದು ಮೊದಲು ತನ್ನ ನಷ್ಟ ನೋಡ್ಕೊಳ್ಳುತ್ತೆ. ಬೆಳೆಗಾರರೇ ಷೇರುದಾರರಾಗಿರೋ ರೈತ ಉತ್ಪಾದಕ ಕಂಪನಿಯಲ್ಲಿ ಲಾಭ ಅವರಿಗೇ ಹೋಗುತ್ತೆ, ಆದ್ರೂ ಬರ ಬಂದ್ರೆ ಎಲ್ಲರ ತೋಟವೂ ಒಟ್ಟಿಗೆ ಒಣಗುತ್ತೆ.

ಹಾಗಾಗಿ ನಮ್ಮ ಗುಂಪು ಸದ್ಯಕ್ಕೆ ಖರೀದಿಗೆ ಕಂಪನಿ, ಕೆಟ್ಟ ವರ್ಷಕ್ಕೆ ಪಕ್ಕದಲ್ಲೊಂದು ಟ್ರಸ್ಟ್ ಅನ್ನೋ ಕಡೆ ವಾಲಿದೆ. ಆ ಟ್ರಸ್ಟಿಗೆ ಮೊದಲ ಚೀಲ ಯಾರು ತರ್ತಾರೆ ಅನ್ನೋದಕ್ಕೆ ಮಾತ್ರ ಇನ್ನೂ ಯಾರೂ ಕೈ ಎತ್ತಿಲ್ಲ.