ನಲವತ್ತಾರು ವರ್ಷದ ಮೇಲೆ ಊರಿಗೆ ಮರಳಿದ ಗಾಯಕ

ಒಪೆರಾ ಅಂದ್ರೆ ಹಾಡಿನಲ್ಲೇ ನಡೆಯುವ ನಾಟಕ. ಅದರಲ್ಲಿ ಜಗತ್ತಿಗೆಲ್ಲ ಹೆಸರಾದವರು ರಷ್ಯಾದ ಫ್ಯೋದರ್ ಶಲ್ಯಾಪಿನ್. ತುಂಬ ತಗ್ಗಿನ, ಗಂಭೀರವಾದ ಗಂಡುದನಿ ಅವರದು.

1873ರಲ್ಲಿ ವೋಲ್ಗಾ ನದಿ ದಂಡೆಯ ಕಜಾನ್ ಪಟ್ಟಣದಲ್ಲಿ ಹುಟ್ಟಿದರು. ಅಪ್ಪ ಗುಮಾಸ್ತ, ಕುಡಿತದ ಚಟ ಬೇರೆ. ಮನೆಯಲ್ಲಿ ಕಡುಬಡತನ. ಹುಡುಗನನ್ನು ಬೂಟು ಹೊಲಿಯುವವನ ಹತ್ತಿರ ಕೆಲಸಕ್ಕೆ ಬಿಟ್ಟರು. ಶಲ್ಯಾಪಿನ್ ಓದಿದ್ದು ಕಮ್ಮಿ, ಹಾಡಿದ್ದು ಚರ್ಚಿನ ಮೇಳದಲ್ಲಿ. ಆಮೇಲೆ ಊರೂರು ತಿರುಗುವ ನಾಟಕ ತಂಡಗಳನ್ನು ಸೇರಿಕೊಂಡರು.

ತಿರುಗುತ್ತಾ ತಿಫ್ಲಿಸ್‌ಗೆ, ಅಂದರೆ ಇಂದಿನ ಜಾರ್ಜಿಯಾದ ರಾಜಧಾನಿಗೆ ಬಂದು, ರೈಲ್ವೆ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದರು. ಅಲ್ಲಿ ಸಿಕ್ಕವರು ಗುರು ಉಸಾತೋವ್. ಒಂದು ಕಾಸೂ ತಗೊಳ್ಳದೆ ಪಾಠ ಹೇಳಿಕೊಟ್ಟರು. ಶಲ್ಯಾಪಿನ್‌ಗೆ ಇದ್ದದ್ದು ಆ ಒಬ್ಬರೇ ಗುರು.

1896ರಲ್ಲಿ ಶಲ್ಯಾಪಿನ್ ಮಾಸ್ಕೋದ ಮಾಮೊಂತೋವ್ ತಂಡ ಸೇರಿದರು. ಎರಡು ವರ್ಷಕ್ಕೆ ರಾಜ ಬೋರಿಸ್ ಗದುನೋವ್‌ನ ಪಾತ್ರ ಬಂತು. ಅದಕ್ಕಾಗಿ ಇತಿಹಾಸಕಾರ ಕ್ಲುಚೆವ್‌ಸ್ಕಿ ಅವರ ಹತ್ತಿರ ಹೋಗಿ ಕೂತು ಆ ಕಾಲವನ್ನು ತಿಳಿದುಕೊಂಡರು. ಬರೀ ಹಾಡಿದರೆ ಸಾಲದು, ಆ ಮನುಷ್ಯನೇ ಆಗಬೇಕು ಅನ್ನೋದು ಅವರ ಹಟ. 1901ರಲ್ಲಿ ಇಟಲಿಯ ಲಾ ಸ್ಕಾಲಾ, 1908ರಲ್ಲಿ ಪ್ಯಾರಿಸ್, ಎಲ್ಲ ಕಡೆ ಗೆದ್ದರು.

ಕ್ರಾಂತಿಯ ನಂತರ 1918ರಲ್ಲಿ ಹೊಸ ಸರ್ಕಾರ ಅವರಿಗೆ ‘ಜನರ ಕಲಾವಿದ’ ಎಂಬ ಬಿರುದು ಕೊಟ್ಟಿತು. 1922ರಲ್ಲಿ ಹಾಡಲು ಹೊರದೇಶಕ್ಕೆ ಹೋದವರು ವಾಪಸ್ ಹೋಗಲಿಲ್ಲ, ಪ್ಯಾರಿಸ್‌ನಲ್ಲಿ ನೆಲೆ ನಿಂತರು. ಅಲ್ಲಿ ದೇಶ ಬಿಟ್ಟು ಬಂದ ರಷ್ಯನ್ನರ ಮಕ್ಕಳು ಕಷ್ಟದಲ್ಲಿದ್ದರು. ಆ ಮಕ್ಕಳಿಗೆಂದು ಪಾದ್ರಿಯೊಬ್ಬರ ಕೈಗೆ ಹಣ ಕೊಟ್ಟರು. ಅಷ್ಟೇ ಸಾಕಾಯ್ತು. ವಿರೋಧಿಗಳಿಗೆ ನೆರವಾದರು ಅಂತ 1927ರಲ್ಲಿ ಬಿರುದು ಕಿತ್ತುಕೊಂಡರು, ಊರಿಗೆ ಮರಳುವ ಬಾಗಿಲೂ ಮುಚ್ಚಿತು.

ಆಮೇಲೂ ದೇಶದೇಶ ಸುತ್ತಿ ಹಾಡಿದರು. ಎಲ್ಲಿ ಹೋದರೂ ಜನ ಅವರ ಬಾಯಲ್ಲಿ ಕೇಳಲು ಕಾದದ್ದು ಅದೇ ರಷ್ಯನ್ ರಾಜನ ಪಾತ್ರ, ವೋಲ್ಗಾ ಕಡೆಯ ಜನಪದ ಹಾಡು. ಪಾಸ್‌ಪೋರ್ಟ್ ಕಸಿಯಬಹುದು, ನಾಲಿಗೆ ಮೇಲಿನ ಭಾಷೆಯನ್ನು ಕಸಿಯಲು ಬರೋದಿಲ್ಲ.

1938ರ ಏಪ್ರಿಲ್ 12ರಂದು ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಪ್ಯಾರಿಸ್‌ನಲ್ಲೇ ಮಣ್ಣು ಮಾಡಿದರು. 1984ರಲ್ಲಿ ಅಸ್ಥಿಯನ್ನು ಮಾಸ್ಕೋಗೆ ತಂದು ನೊವೊದೆವಿಚಿ ಸ್ಮಶಾನದಲ್ಲಿ ಗೌರವದಿಂದ ಇಟ್ಟರು. 1991ರಲ್ಲಿ ಬಿರುದನ್ನೂ ವಾಪಸ್ ಕೊಟ್ಟರು.

ಪರದೇಶದಲ್ಲಿ ದುಡಿದು ತಮ್ಮವರ ಮಕ್ಕಳಿಗೆ ನಾಲ್ಕು ಕಾಸು ಕೊಟ್ಟಿದ್ದೇ ಅವರ ಮೇಲಿನ ಆರೋಪ. ಅದು ತಪ್ಪೋ ಸರಿಯೋ, ಹೊರನಾಡಿನಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.