ಕಡೆತದ ಕೋಣೆಯ ಚಕ್ರವರ್ತಿ

ಅರಸನೆಂದೊಡನೆ ಕಿರೀಟ, ಸಿಂಹಾಸನ, ರತ್ನಖಚಿತವಾದ ಉಡುಪು ನಮ್ಮ ಕಣ್ಣಮುಂದೆ ಬರುತ್ತವೆ. ರಷ್ಯದ ಚಕ್ರವರ್ತಿ ಮೊದಲನೆಯ ಪೀಟರನಿಗೂ ಇವೆಲ್ಲ ಇದ್ದುವು. ಆದರೆ ಅವನ ಮನಸ್ಸು ಒಲಿದಿದ್ದುದು ಉಳಿ, ಕೊಡಲಿ, ಲೇತ್‌ಗಳಿಗೆ. ಆರೂವರೆ ಅಡಿಗೂ ಮೀರಿ ಬೆಳೆದಿದ್ದ ಆ ಅರಸನ ಅಂಗೈಗಳು ಕೂಲಿಯಾಳಿನವುಗಳಂತೆ ಜಡ್ಡುಗಟ್ಟಿದ್ದುವು. ಅದಕ್ಕಾಗಿ ಅವನು ನಾಚಲಿಲ್ಲ, ಹೆಮ್ಮೆಪಟ್ಟನು.

ಪೀಟರನು 1672ರಲ್ಲಿ ಮಾಸ್ಕೋದಲ್ಲಿ ಜನಿಸಿದನು. ನಾಲ್ಕು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡನು. ಹತ್ತನೆಯ ವಯಸ್ಸಿನಲ್ಲಿ ಮಲ ಅಣ್ಣನಾದ ಇವಾನನೊಡನೆ ಪಟ್ಟವೇರಿದನಾದರೂ ಅಧಿಕಾರವು ಮಲ ಅಕ್ಕ ಸೋಫಿಯಾಳ ಕೈಯಲ್ಲಿತ್ತು. ಅರಮನೆಯ ಒಳಜಗಳದ ರಕ್ತಪಾತವನ್ನು ಕಣ್ಣಾರೆ ಕಂಡ ಬಾಲಕನು ನಗರದ ಹೊರಗಿನ ಹಳ್ಳಿಯೊಂದರಲ್ಲಿ ಬೆಳೆದನು. ಬಡಗಿತನದ ಗೀಳು ಅಲ್ಲಿಯೇ ಹತ್ತಿತು.

1697ರಲ್ಲಿ ರಾಯಭಾರಿಗಳ ದೊಡ್ಡ ತಂಡವೊಂದು ರಷ್ಯದಿಂದ ಪಶ್ಚಿಮ ಯುರೋಪಿಗೆ ಹೊರಟಿತು. ಅದರಲ್ಲಿ ಪೀಟರ್ ಮಿಖಾಯ್ಲೊವ್ ಎಂಬ ಸಾಮಾನ್ಯ ಹೆಸರಿನವನೊಬ್ಬನಿದ್ದನು. ಅವನೇ ಚಕ್ರವರ್ತಿ! ಹಾಲೆಂಡಿನ ಜಾಂದಾಮ್ ಊರಿನಲ್ಲಿ ಕಮ್ಮಾರನೊಬ್ಬನ ಪುಟ್ಟ ಮನೆಯಲ್ಲಿ ಅವನು ಕೆಲವು ದಿನ ತಂಗಿದನು. ಗುಟ್ಟು ಬಯಲಾಗಿ ಜನ ಮುತ್ತಿದಾಗ ಆಮ್‌ಸ್ಟರ್‌ಡಾಮಿಗೆ ಹೋಗಿ, ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಕಟ್ಟೆಯಲ್ಲಿ ಸುಮಾರು ನಾಲ್ಕು ತಿಂಗಳು ದುಡಿದು, ಹಡಗು ಕಟ್ಟುವ ಬಡಗಿಯೆಂಬ ಪ್ರಮಾಣಪತ್ರವನ್ನು ಪಡೆದನು.

ಹಡಗಿನ ಕೆಲಸ ರಾಜ್ಯದ ಅಗತ್ಯವಾಗಿತ್ತು. ಕಡೆತದ ಕೆಲಸವಾದರೋ ಅವನ ಸ್ವಂತದ ಸಂತೋಷ. ಕುಂಬಾರನ ಚಕ್ರದ ಮೇಲೆ ಮಣ್ಣು ತಿರುಗುವಂತೆ ಲೇತ್‌ನಲ್ಲಿ ಮರದ ತುಂಡು ತಿರುಗುತ್ತದೆ. ತಿರುಗುವ ಮರಕ್ಕೆ ಉಳಿಯನ್ನು ಒತ್ತಿ ಹಿಡಿದರೆ ಅದು ದುಂಡಗಾಗುತ್ತದೆ. ನೋಡಲು ಸುಲಭ, ಕೈ ತುಸು ನಡುಗಿದರೂ ಕೆಲಸವೆಲ್ಲ ಕೆಡುತ್ತದೆ. ಈ ಕಲೆಯಲ್ಲಿ ಪೀಟರನಿಗೆ ನೆರವಾದವನು ಆಂದ್ರೇಯ್ ನಾರ್ತೊವ್. 1693ರಲ್ಲಿ ಹುಟ್ಟಿದ ಈ ತರುಣನು ಮಾಸ್ಕೋದ ಗಣಿತ ಮತ್ತು ನೌಕಾಶಾಸ್ತ್ರದ ಶಾಲೆಯ ಕಾರ್ಯಾಗಾರದಲ್ಲಿದ್ದನು. ಅವನ ಕೈಚಳಕವನ್ನು ಮೆಚ್ಚಿದ ಅರಸನು 1712ರಲ್ಲಿ ಅವನನ್ನು ತನ್ನ ಹೊಸ ನಗರವಾದ ಸೇಂಟ್ ಪೀಟರ್ಸ್‌ಬರ್ಗಿಗೆ ಕರೆಸಿಕೊಂಡನು. ಬೇಸಗೆಯ ಅರಮನೆಯ ಕಡೆತದ ಕೋಣೆಗೆ ಅಪ್ಪಣೆಯಿಲ್ಲದೆ ಯಾರೂ ಕಾಲಿಡುವಂತಿರಲಿಲ್ಲ. ರಾಜ್ಯದ ಕಾಗದಪತ್ರಗಳನ್ನು ಹಿಡಿದು ಮಂತ್ರಿಗಳು ಅಲ್ಲಿಗೇ ಬರುತ್ತಿದ್ದರು. ನಾರ್ತೊವನ ಯಂತ್ರಗಳಲ್ಲಿ ಉಳಿಯನ್ನು ಹಿಡಿಯುತ್ತಿದ್ದುದು ಮನುಷ್ಯನ ಕೈಯಲ್ಲ, ತಾನೇ ಸರಿಯುವ ಲೋಹದ ಹಿಡಿಕೆ. ಅಚ್ಚಿನ ಮೇಲಿನ ಚಿತ್ರವನ್ನು ಯಂತ್ರವೇ ಮರ, ಆನೆದಂತಗಳ ಮೇಲೆ ನಕಲುಮಾಡುತ್ತಿತ್ತು.

1718ರಲ್ಲಿ ನಾರ್ತೊವನು ಅರಸನ ಆಜ್ಞೆಯಂತೆ ವಿದೇಶಯಾತ್ರೆ ಹೊರಟನು. ಬರ್ಲಿನ್ನಿನಲ್ಲಿ ಪ್ರಷ್ಯದ ದೊರೆಗೇ ಕಡೆತವನ್ನು ಕಲಿಸಿದನು; ಲಂಡನ್ನಿನ ಕುಶಲಕರ್ಮಿಗಳ ಕೆಲಸವನ್ನು ಕಂಡನು; ಪ್ಯಾರಿಸ್ಸಿನ ವಿದ್ವಾಂಸರಿಂದ ಮೆಚ್ಚುಗೆ ಪಡೆದನು. ವಿದ್ಯೆಯನ್ನು ಕೊಟ್ಟು ಕೊಳ್ಳುವ ಯಾತ್ರೆ ಅದು. ಅದೇ ವರ್ಷ ಪೀಟರನ ಹಿರಿಯ ಮಗ ಅಲೆಕ್ಸೇಯ್, ರಾಜದ್ರೋಹದ ಆಪಾದನೆಗೆ ಗುರಿಯಾಗಿ, ಚಿತ್ರಹಿಂಸೆಯನ್ನು ಅನುಭವಿಸಿ ಸೆರೆಯಲ್ಲಿ ಸತ್ತನು. ಹೊಸ ನಗರವನ್ನು ಕಟ್ಟಲು ಬಲವಂತವಾಗಿ ತಂದ ಸಾವಿರಾರು ಬಡವರೂ ಅದಕ್ಕೆ ಮೊದಲೇ ಮಡಿದಿದ್ದರು. ಮರದ ವಿಷಯದಲ್ಲಿ ಅಷ್ಟು ತಾಳ್ಮೆ ತೋರಿದವನು ಮನುಷ್ಯರ ವಿಷಯದಲ್ಲಿ ಏಕೆ ತೋರಲಿಲ್ಲ? ಅವನ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯಿದು.

ಕೊನೆಯ ವರ್ಷಗಳಲ್ಲಿಯೂ ಪೀಟರನು ಕಡೆತವನ್ನು ಬಿಡಲಿಲ್ಲ. ಅವನ ಕೈಗೆಲಸವಿರುವ ಆನೆದಂತದ ತೂಗುದೀಪವೊಂದು ಇಂದಿಗೂ ಉಳಿದಿದೆ. 1725ರಲ್ಲಿ ಅವನು ತೀರಿಕೊಂಡ ಮೇಲೆ ನಾರ್ತೊವನು ಅರಮನೆಯನ್ನು ಬಿಡಬೇಕಾಯಿತು. ಆದರೂ ಒಡೆಯನ ನೆನಪಿಗಾಗಿ ಆ ಯಂತ್ರಗಳನ್ನೆಲ್ಲ ಚಿತ್ರಸಮೇತ ವರ್ಣಿಸುವ ಗ್ರಂಥವೊಂದನ್ನು ಅವನು ಬರೆದನು. ಅದು ಅಚ್ಚಾಗುವ ಮೊದಲೇ, 1756ರಲ್ಲಿ, ಸಾಲದ ಹೊರೆಯೊಡನೆ ಕಣ್ಮುಚ್ಚಿದನು. ಮರೆತುಹೋಗಿದ್ದ ಅವನ ಸಮಾಧಿ ಮತ್ತೆ ಪತ್ತೆಯಾದುದು 1950ರಲ್ಲಿ. ಅವನ ಲೇತ್‌ಗಳಲ್ಲಿ ಹಲವು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿವೆ, ಒಂದು ಪ್ಯಾರಿಸ್ಸಿನಲ್ಲಿದೆ.